ಕಟ್ಟಿದ್ದು, ಕೆಡವಿದ್ದು, ಉಳಿಸಿಕೊಂಡಿದ್ದು: 2022ರಲ್ಲಿ ಜಗತ್ತಿನ ಕಟ್ಟಡಗಳ ಕತೆ

ಆ ವಿಡಿಯೋ ನೀವೂ ನೋಡಿರುತ್ತೀರಿ. 2022ರ ಆಗಸ್ಟ್ 28, ಭಾನುವಾರ, ಮಧ್ಯಾಹ್ನ ಎರಡೂವರೆ. ನೊಯ್ಡಾದಲ್ಲಿ ನೂರು ಮೀಟರ್ ಆಸುಪಾಸಿನ ಎರಡು ಗೋಪುರಗಳು ಪಟಪಟ ಸಿಡಿದು, ಅರೆಕ್ಷಣ ಗಾಳಿಯಲ್ಲೇ ನಿಂತ ಹಾಗೆ ಕಂಡು, ಆಮೇಲೆ ಮಂಡಿಯೂರಿದ ಹಾಗೆ ಕುಸಿದವು. ಎಲ್ಲಾ ಸೇರಿ ಒಂಬತ್ತೇ ಸೆಕೆಂಡ್. ನಿಯಮ ಮೀರಿ ಕಟ್ಟಿದ್ದಾರೆ, ಕೆಡವಿ ಅಂತ ಸುಪ್ರೀಂ ಕೋರ್ಟ್ ಹಿಂದಿನ ವರ್ಷವೇ ಹೇಳಿತ್ತು.

ನಾನು ಅದನ್ನು ಹತ್ತು ಸಲವಾದರೂ ನೋಡಿದ್ದೇನೆ. ಮೊದಮೊದಲು ಬೀಳೋದನ್ನೇ ನೋಡಿದೆ. ಆಮೇಲಾಮೇಲೆ ಕಣ್ಣು ಹೋಗಿದ್ದು ಧೂಳಿನ ಕಡೆ. ಅಲ್ಲಿ ಉಳಿದ ಕಲ್ಲುಮಣ್ಣು ಸುಮಾರು 80,000 ಟನ್. ಒಬ್ಬರೂ ವಾಸಕ್ಕೆ ಬರದ ಕಟ್ಟಡ ಅದು. ಅಷ್ಟು ಸಿಮೆಂಟು ಸುಟ್ಟು, ಕಬ್ಬಿಣ ಕರಗಿಸಿ, ನೀರು ಸುರಿದು ಕಟ್ಟಿದ್ದು ಹೀಗೆ ಪುಡಿ ಆಗೋದಕ್ಕಾ?

ಅದೇ ವರ್ಷ ಇದೇ ತರಹದ ಪ್ರಶ್ನೆ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ರೂಪದಲ್ಲಿ ಎದ್ದಿತು. ಮಣ್ಣಿನ ಶಾಲೆ ಕಟ್ಟಿದವರಿಗೆ ಜಗತ್ತಿನ ದೊಡ್ಡ ಪ್ರಶಸ್ತಿ ಬಂತು. ಮರದ ಗೋಪುರವೊಂದು ದಾಖಲೆ ಮುರಿಯಿತು. ಹಳೇ ಗಗನಚುಂಬಿಯನ್ನು ಕೆಡವದೆ ಹೊಸದು ಮಾಡಿದವರು ಬಹುಮಾನ ಹೊಡೆದರು. ಇನ್ನೊಂದು ಕಡೆ ಮರುಭೂಮಿಯಲ್ಲಿ 170 ಕಿಲೋಮೀಟರ್ ಉದ್ದದ ಕಟ್ಟಡದ ಚಿತ್ರವೂ ಹೊರಬಂತು. ಇವೆಲ್ಲ ಬಿಡಿ ಬಿಡಿ ಸುದ್ದಿಗಳಾಗಿ ನಮ್ಮ ಮುಂದೆ ಹಾದುಹೋದವು. ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಕತೆ.

ಗೋಪುರ ಹಾಗೆ ನೆಟ್ಟಗೆ ಬೀಳೋದು ಹೇಗೆ?

ಶುರು ಮಾಡಿದ್ದೇ ಅಲ್ಲಿಂದ, ಹಾಗಾಗಿ ಅದನ್ನು ಮೊದಲು ಮುಗಿಸಿಬಿಡೋಣ. ಬಾಂಬ್ ಇಟ್ಟು ಇಡೀ ಕಟ್ಟಡವನ್ನು ಚೂರು ಮಾಡುತ್ತಾರೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕೆಲಸ ಮಾಡೋದು ಕಟ್ಟಡದ ಸ್ವಂತ ತೂಕ. ಆಯ್ದ ಪಿಲ್ಲರುಗಳಲ್ಲಿ ರಂಧ್ರ ಕೊರೆದು ಸಿಡಿಮದ್ದು ತುಂಬುತ್ತಾರೆ. ನೊಯ್ಡಾದಲ್ಲಿ 9,000ಕ್ಕೂ ಹೆಚ್ಚು ರಂಧ್ರ, ಸುಮಾರು 3,700 ಕಿಲೋ ಮದ್ದು. ಎಲ್ಲವೂ ಒಟ್ಟಿಗೆ ಸಿಡಿಯುವುದಿಲ್ಲ. ಒಂದರ ಹಿಂದೆ ಒಂದು, ಸೆಕೆಂಡಿನ ಸಣ್ಣ ಸಣ್ಣ ಭಾಗದ ಅಂತರದಲ್ಲಿ. ಯಾವ ಪಿಲ್ಲರ್ ಮೊದಲು ಹೋಗುತ್ತದೋ ಕಟ್ಟಡ ಆ ಕಡೆ ವಾಲುತ್ತದೆ. ಕುರ್ಚಿಯ ಎರಡು ಕಾಲು ಮುರಿದರೆ ಆ ಬದಿಗೇ ಬೀಳುತ್ತದಲ್ಲ, ಅದೇ ಲೆಕ್ಕ. ಪಕ್ಕದ ವಸತಿ ಕಟ್ಟಡ ಇದ್ದಿದ್ದು ಬರೀ ಒಂಬತ್ತು ಮೀಟರ್ ದೂರದಲ್ಲಿ. ಅದಕ್ಕೇ ಈ ಕ್ರಮ ತಪ್ಪುವ ಹಾಗಿರಲಿಲ್ಲ.

ಫೋನಿನ ಬೆಲೆ, ರೀಚಾರ್ಜಿನ ಬೆಲೆ

ಮುಂದಿನದು ಅರ್ಥವಾಗಬೇಕಾದರೆ ಒಂದು ಲೆಕ್ಕ ಗೊತ್ತಿರಬೇಕು. ವಾಸ್ತುಶಿಲ್ಪದವರು ಈಗ ಮಾತು ಮಾತಿಗೂ ಹೇಳುವ ಪದ ಕಾರ್ಬನ್. ಅಂದರೆ ಒಂದು ಕೆಲಸಕ್ಕಾಗಿ ಗಾಳಿಗೆ ಸೇರುವ ಕಾರ್ಬನ್ ಡೈಆಕ್ಸೈಡ್. ಭೂಮಿಯನ್ನು ಬಿಸಿ ಮಾಡುತ್ತಿರುವುದು ಮುಖ್ಯವಾಗಿ ಇದೇ.

ಕಟ್ಟಡದ ಕಾರ್ಬನ್ನಿನಲ್ಲಿ ಎರಡು ಪಾಲು. ಒಂದು, ಕಟ್ಟಡ ಬಳಸುವಾಗ ಆಗುವ ಖರ್ಚು. ಲೈಟು, ಎಸಿ, ಲಿಫ್ಟು, ಹೀಟರು. ಇನ್ನೊಂದು, ಕಟ್ಟುವಾಗಲೇ ಆಗಿಹೋಗಿರುವ ಖರ್ಚು. ಸಿಮೆಂಟು ಮಾಡಿದ್ದು, ಕಬ್ಬಿಣ ಕರಗಿಸಿದ್ದು, ಗಾಜು ಬೇಯಿಸಿದ್ದು, ಲಾರಿ ಓಡಿಸಿದ್ದು. ಈ ಎರಡನೆಯದಕ್ಕೆ ಎಂಬಾಡೀಡ್ ಕಾರ್ಬನ್ ಅನ್ನುತ್ತಾರೆ. ನಾನು ಇಲ್ಲಿ ಅದನ್ನು 'ಕಟ್ಟುವಾಗಿನ ಕಾರ್ಬನ್' ಅಂತಲೇ ಕರೆಯುತ್ತೇನೆ.

ಫೋನಿನ ಹಾಗೆ ಅಂದುಕೊಳ್ಳಿ. ರೀಚಾರ್ಜ್ ಜಾಸ್ತಿ ಆಯ್ತು ಅನಿಸಿದರೆ ಮುಂದಿನ ತಿಂಗಳು ಸಣ್ಣ ಪ್ಲಾನ್ ಹಾಕಿಸಬಹುದು. ಆದರೆ ಫೋನ್ ಕೊಳ್ಳುವಾಗ ಕೊಟ್ಟ ದುಡ್ಡು ಹೋಯಿತು, ವಾಪಸ್ ಬರುವುದಿಲ್ಲ. ಅದನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಅನ್ನೋದಷ್ಟೇ ನಿಮ್ಮ ಕೈಯಲ್ಲಿ ಉಳಿಯುವುದು. ಹತ್ತು ವರ್ಷ ಬಳಸಿದರೆ ಲಾಭ, ಎರಡೇ ವರ್ಷಕ್ಕೆ ಎಸೆದು ಹೊಸದು ತಂದರೆ ಮತ್ತೆ ಅಷ್ಟೂ ಖರ್ಚು. ಕಟ್ಟಡವೂ ಹೀಗೇ.

ಸಿಮೆಂಟಿನ ಸಮಸ್ಯೆ ಇನ್ನೂ ವಿಚಿತ್ರ. ಅದನ್ನು ಮಾಡಲು ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿಯಲ್ಲಿ ಸುಡಬೇಕು. ಉರಿಸಿದ ಕಲ್ಲಿದ್ದಲಿನಿಂದ ಹೊಗೆ ಬರುವುದು ಸರಿ. ಆದರೆ ಕಲ್ಲಿನ ಒಳಗೇ ಕಾರ್ಬನ್ ಡೈಆಕ್ಸೈಡ್ ಅಡಗಿದೆ, ಬಿಸಿಗೆ ಅದೂ ಬಿಟ್ಟುಕೊಂಡು ಹೊರಗೆ ಬರುತ್ತದೆ. ಒಲೆಯನ್ನು ಬಿಸಿಲಿನ ವಿದ್ಯುತ್ತಿನಿಂದ ಉರಿಸಿದರೂ ಈ ಪಾಲು ತಪ್ಪಿದ್ದಲ್ಲ. ಜಗತ್ತಿನ ಒಟ್ಟು ಕಾರ್ಬನ್ ಡೈಆಕ್ಸೈಡಿನಲ್ಲಿ ಸಿಮೆಂಟಿನದ್ದೇ ನೂರಕ್ಕೆ ಏಳೆಂಟು ಪಾಲು. ಬಳಕೆಯನ್ನೂ ನಿರ್ಮಾಣವನ್ನೂ ಸೇರಿಸಿದರೆ, ಇಂಧನ ಉರಿಸುವುದರಿಂದ ಮತ್ತು ಕಾರ್ಖಾನೆಗಳ ಇಂಥ ಕೆಲಸಗಳಿಂದ ಬರುವ ಕಾರ್ಬನ್ ಡೈಆಕ್ಸೈಡಿನಲ್ಲಿ ಕಟ್ಟಡಗಳದ್ದು ನೂರಕ್ಕೆ 37 ಪಾಲು. 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಕೊಟ್ಟ ಅಂಕಿ ಇದು.

ಸರಿ, ಇಷ್ಟು ತಲೆಯಲ್ಲಿರಲಿ. ಈಗ ಆಫ್ರಿಕಾಕ್ಕೆ ಹೋಗೋಣ.

ಮಣ್ಣಿನ ಶಾಲೆ ಕಟ್ಟಿದವರಿಗೆ ಪ್ರಿಟ್ಜ್‌ಕರ್

ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ವಾಸ್ತುಶಿಲ್ಪದ ನೊಬೆಲ್ ಅಂತ ಕರೆಯುವುದು ರೂಢಿ. 1979ರಿಂದ ಕೊಡುತ್ತಾ ಬಂದಿದ್ದಾರೆ. 2022ರ ಮಾರ್ಚ್‌ನಲ್ಲಿ ಮೊದಲ ಬಾರಿ ಆಫ್ರಿಕಾದವರೊಬ್ಬರಿಗೆ ಬಂತು. ಹೆಸರು ಫ್ರಾನ್ಸಿಸ್ ಕೆರೆ. ಹೌದು, ಕೆರೆ ಅಂತಲೇ. ಕನ್ನಡದಲ್ಲಿ ಓದುವಾಗ ಸುಮ್ನೆ ಒಂದು ಖುಷಿ.

ಅವರು ಹುಟ್ಟಿದ್ದು 1965ರಲ್ಲಿ, ಬುರ್ಕಿನಾ ಫಾಸೊದ ಗಾಂಡೊ ಎಂಬ ಹಳ್ಳಿಯಲ್ಲಿ. ಊರಿನಲ್ಲಿ ಶಾಲೆ ಇರಲಿಲ್ಲ. ಏಳು ವರ್ಷಕ್ಕೇ ಓದಲು ಮನೆ ಬಿಟ್ಟು ಬೇರೆ ಊರಿಗೆ ಹೋದರು. ಆ ತರಗತಿ ಕೋಣೆ ಕತ್ತಲು, ಸೆಕೆ, ಕಿಕ್ಕಿರಿದ ಮಕ್ಕಳು. ಮುಂದೆ ಬಡಗಿ ಕೆಲಸ ಕಲಿಯುವ ವಿದ್ಯಾರ್ಥಿವೇತನ ಸಿಕ್ಕಿ ಜರ್ಮನಿಗೆ ಹೋದರು, ಬರ್ಲಿನ್ನಿನಲ್ಲಿ ವಾಸ್ತುಶಿಲ್ಪ ಓದಿದರು. ಇನ್ನೂ ಓದುತ್ತಿರುವಾಗಲೇ ಹಣ ಒಟ್ಟುಮಾಡಿ ತಮ್ಮೂರಿಗೆ ಒಂದು ಪ್ರಾಥಮಿಕ ಶಾಲೆ ಕಟ್ಟಿಸಿದರು. ಅದು ಮುಗಿದದ್ದು 2001ರಲ್ಲಿ.

ಆ ಶಾಲೆಯ ಸೂರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕಂದ್ರೆ ಇಡೀ ಜಾಣತನ ಇರುವುದು ಅಲ್ಲೇ.

ತಗಡಿನ ಶೀಟು ಹೊದಿಸಿದ ಕೋಣೆಯಲ್ಲಿ ಮಧ್ಯಾಹ್ನ ಕೂತವರಿಗೆ ಗೊತ್ತು, ಶೀಟು ಕಾದು ಶಾಖವನ್ನು ನೇರ ತಲೆಯ ಮೇಲೆ ಸುರಿಯುತ್ತದೆ. ಕೆರೆ ಮಾಡಿದ್ದು ಏನು? ತಗಡನ್ನು ಕೋಣೆಯಿಂದ ಬೇರೆ ಮಾಡಿದರು. ಕೋಣೆಯ ಮೇಲೆ ಮೊದಲು ಮಣ್ಣಿನ ಇಟ್ಟಿಗೆಯ ಒಂದು ಒಳಸೂರು, ನಡುನಡುವೆ ಸಂದು ಬಿಟ್ಟು. ಅದರ ಮೇಲೆ ಸಾಕಷ್ಟು ಎತ್ತರದಲ್ಲಿ, ಕಬ್ಬಿಣದ ಸರಳುಗಳ ಜಾಲದ ಮೇಲೆ, ತಗಡಿನ ದೊಡ್ಡ ಸೂರು. ಕೋಣೆಯ ಬಿಸಿಗಾಳಿ ಸಂದುಗಳಿಂದ ಮೇಲೇರುತ್ತದೆ. ಎರಡು ಸೂರುಗಳ ನಡುವೆ ಬೀಸುವ ಗಾಳಿ ಅದನ್ನು ಎಳೆದುಕೊಂಡು ಹೋಗುತ್ತದೆ. ತಗಡು ಎಷ್ಟೇ ಕಾದರೂ ಆ ಶಾಖ ಕೆಳಗೆ ಇಳಿಯುವ ಮೊದಲೇ ಗಾಳಿಪಾಲು. ಬಿಸಿಲಲ್ಲಿ ಟೋಪಿ ಹಾಕಿಕೊಳ್ಳುವುದಕ್ಕೂ ಕೊಡೆ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು. ಟೋಪಿ ತಲೆಗೆ ಅಂಟಿಕೊಂಡಿರುತ್ತದೆ, ಕೊಡೆಯ ಕೆಳಗೆ ಗಾಳಿ ಆಡುತ್ತದೆ.

ಆ ಸೂರು ಗೋಡೆಯಿಂದ ಆಚೆಗೆ ತುಂಬಾ ಚಾಚಿಕೊಂಡಿದೆ. ಅದಕ್ಕೂ ಕಾರಣ ಉಂಟು. ಮಣ್ಣಿನ ಗೋಡೆಗೆ ಮಳೆಯೇ ಶತ್ರು, ನೆನೆದರೆ ಕರಗುತ್ತದೆ. ಇಟ್ಟಿಗೆಯ ಮಣ್ಣಿಗೆ ಒಂದಿಷ್ಟು ಸಿಮೆಂಟು ಬೆರೆಸಿ ಗಟ್ಟಿ ಮಾಡಿದ್ದರು, ಜತೆಗೆ ಈ ಸೂರು ಗೋಡೆಗೆ ನೀರು ತಾಗದ ಹಾಗೆ ಕಾಯುತ್ತದೆ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಇಷ್ಟ. ಅಲ್ಲಿಗೆ ಕ್ರೇನು ತರುವ ಮಾತೇ ಇರಲಿಲ್ಲ. ಹಾಗಾಗಿ ಸೂರಿನ ಜಾಲವನ್ನು ಮಾಮೂಲಿ ಕಬ್ಬಿಣದ ಸರಳುಗಳಿಂದಲೇ ಮಾಡಿದರು. ಊರಿನವರಿಗೆ ಕೈಗರಗಸ ಮತ್ತು ಒಂದು ಚಿಕ್ಕ ವೆಲ್ಡಿಂಗ್ ಯಂತ್ರ ಬಳಸುವುದನ್ನು ಕಲಿಸಿದರು. ಅಂದರೆ ಕೆಟ್ಟರೆ ರಿಪೇರಿ ಮಾಡಲೂ ಊರಿನವರೇ ಸಾಕು. ಅದೇ ಊರಿನ ಗ್ರಂಥಾಲಯಕ್ಕೆ ಹೆಂಗಸರು ಮಾಡಿದ ಮಣ್ಣಿನ ಮಡಕೆಗಳನ್ನು ತಂದು, ತಳವನ್ನೂ ಬಾಯನ್ನೂ ಕೊಯ್ದು, ಸೂರಿನ ಕಾಂಕ್ರೀಟಿನಲ್ಲಿ ಕೂರಿಸುವ ಉಪಾಯ ಮಾಡಿದರು. ಪ್ರತಿ ಮಡಕೆಯೂ ಒಂದು ಬೆಳಕಿನ ಕಿಂಡಿ, ಬಿಸಿಗಾಳಿಗೆ ಒಂದು ದಾರಿ.

ಇದೇನು ಬಡ ಊರಿನ ಉಪಾಯ ಅಷ್ಟೇ ಅಲ್ವಾ ಅಂತ ಕೇಳಬಹುದು. ಆ ವರ್ಷದ ಜುಲೈ 19ರಂದು ಇಂಗ್ಲೆಂಡಿನಲ್ಲಿ ಉಷ್ಣಾಂಶ 40.3 ಡಿಗ್ರಿ ಮುಟ್ಟಿತು. ಅಲ್ಲಿ ಅಲ್ಲಿಯವರೆಗೆ 40 ದಾಟಿದ್ದೇ ಇಲ್ಲ. ಚಳಿ ತಡೆಯಲೆಂದೇ ಕಟ್ಟಿದ ಮನೆಗಳಲ್ಲಿ ಜನ ಬೆಂದುಹೋದರು. ಎಸಿ ಇಲ್ಲದೆ ಕೋಣೆ ತಂಪಾಗಿಡುವುದು ಹೇಗೆ ಅನ್ನುವ ಪ್ರಶ್ನೆ ದಿಢೀರನೆ ಶ್ರೀಮಂತ ದೇಶಗಳದ್ದೂ ಆಯಿತು.

ಮಣ್ಣು, ಬಿದಿರು ಆ ವರ್ಷ ಇನ್ನೂ ಕೆಲವು ಕಡೆ ಕಾಣಿಸಿಕೊಂಡವು. ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿ ರೋಹಿಂಗ್ಯಾ ನಿರಾಶ್ರಿತರಿಗಾಗಿ ಕಟ್ಟಿದ ಆರು ಸಮುದಾಯ ಕೇಂದ್ರಗಳಿಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಪಾಕಿಸ್ತಾನದಲ್ಲಿ ದೊಡ್ಡ ಪ್ರವಾಹ ಬಂದಾಗ ಆ ದೇಶದ ಮೊದಲ ಮಹಿಳಾ ವಾಸ್ತುಶಿಲ್ಪಿ ಯಾಸ್ಮೀನ್ ಲಾರಿ ಬಿದಿರು, ಮಣ್ಣು, ಸುಣ್ಣದ ಮನೆಗಳನ್ನು ಜನರಿಂದಲೇ ಕಟ್ಟಿಸುವ ಕೆಲಸಕ್ಕೆ ಇಳಿದರು.

ದೋಶಿಯವರ ಅರ್ಧ ಮನೆ

ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ 1848ರಿಂದ ಕೊಡುತ್ತಿರುವ ರಾಯಲ್ ಗೋಲ್ಡ್ ಮೆಡಲ್ 2022ಕ್ಕೆ ಬಾಲಕೃಷ್ಣ ದೋಶಿಯವರಿಗೆ ಸಂದಿತು. ಆಗ ಅವರಿಗೆ 94. 2018ರಲ್ಲಿ ಪ್ರಿಟ್ಜ್‌ಕರ್ ಪಡೆದ ಮೊದಲ ಭಾರತೀಯ ಕೂಡ ಅವರೇ.

ಅವರ ಎಷ್ಟೋ ಕಟ್ಟಡಗಳಲ್ಲಿ ಈ ಕತೆಗೆ ಹೊಂದುವುದು ಇಂದೋರಿನ ಅರಣ್ಯ ಬಡಾವಣೆ. ಬಡವರಿಗೆ ಪೂರ್ತಿ ಮನೆ ಕಟ್ಟಿಕೊಡುವ ಬದಲು ಅಲ್ಲಿ ಕೊಟ್ಟದ್ದು ಸೈಟು, ಪಾಯ, ಒಂದು ಶೌಚಾಲಯ, ನೀರು, ಕರೆಂಟು. ಉಳಿದದ್ದು ಆ ಮನೆಯವರಿಗೇ ಬಿಟ್ಟದ್ದು. ದುಡ್ಡು ಕೂಡಿದ ಹಾಗೆ ಒಂದು ಕೋಣೆ, ಮಗನ ಮದುವೆಗೆ ಮೇಲೊಂದು ಮಹಡಿ, ಆಮೇಲೆ ರಸ್ತೆ ಕಡೆಗೆ ಒಂದು ಅಂಗಡಿ. ಬದುಕು ಬೆಳೆದ ಹಾಗೆ ಮನೆಯೂ ಬೆಳೆಯುತ್ತದೆ, ಹಾಗಾಗಿ ಯಾರೂ ಅದನ್ನು ಕೆಡವಿ ಬೇರೆ ಕಟ್ಟುವ ಅಗತ್ಯ ಬೀಳುವುದಿಲ್ಲ. ಪದಕ ಬಂದ ಮರುವರ್ಷ ಜನವರಿಯಲ್ಲಿ ದೋಶಿ ತೀರಿಕೊಂಡರು.

25 ಮಹಡಿ, ಮರದ್ದು

ಅಮೆರಿಕದ ಮಿಲ್ವಾಕಿ ನಗರದಲ್ಲಿ 'ಅಸೆಂಟ್' ಎಂಬ ವಸತಿ ಕಟ್ಟಡ 2022ರಲ್ಲಿ ಮುಗಿಯಿತು. 25 ಮಹಡಿ, 86.6 ಮೀಟರ್. ಜಗತ್ತಿನ ಅತಿ ಎತ್ತರದ ಮರದ ಕಟ್ಟಡ ಎಂಬ ಹೆಸರನ್ನು ಅದು ನಾರ್ವೆಯ 85.4 ಮೀಟರಿನ ಮ್ಯೊಸ್ಟೋರ್ನೆಟ್‌ನಿಂದ ಕಸಿದುಕೊಂಡಿತು. ಗೆಲುವು ಒಂದೇ ಒಂದು ಮೀಟರ್ ಚಿಲ್ಲರೆ.

ಪೂರ್ತಿ ಮರದ್ದೇ ಅಂದುಕೊಳ್ಳಬೇಡಿ. ಕೆಳಗಿನ ಪಾರ್ಕಿಂಗ್ ಮಹಡಿಗಳು ಕಾಂಕ್ರೀಟಿನವು, ಲಿಫ್ಟು ಮತ್ತು ಮೆಟ್ಟಿಲಿನ ಕೊಳವೆಯೂ ಕಾಂಕ್ರೀಟೇ. ಮೇಲಿನ 19 ಮಹಡಿಗಳ ಕಂಬ, ತೊಲೆ, ನೆಲ ಮರದ್ದು.

ಎಷ್ಟು ದಪ್ಪದ ಮರ ಕಡಿದರು ಅಂತ ನಿಮಗೆ ಅನಿಸಿದ್ದರೆ, ಅದೂ ತಪ್ಪು. ಪ್ಲೈವುಡ್ ಗೊತ್ತಲ್ಲ, ತೆಳು ಹಾಳೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿರುತ್ತಾರೆ. ಅದನ್ನೇ ದೊಡ್ಡದು ಮಾಡಿ. ಹಾಳೆಯ ಬದಲು ಹಲಗೆಗಳ ಸಾಲು. ಒಂದು ಸಾಲು ಉದ್ದಕ್ಕೆ, ಅದರ ಮೇಲಿನದ್ದು ಅಡ್ಡಕ್ಕೆ, ಹೀಗೆ ಅಂಟು ಹಾಕಿ ಒತ್ತಿ ದಪ್ಪನೆಯ ಚಪ್ಪಡಿ ಮಾಡುತ್ತಾರೆ. ಮರ ತನ್ನ ಎಳೆಯ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ದುರ್ಬಲ. ಅಡ್ಡಡ್ಡ ಜೋಡಿಸಿದಾಗ ಎರಡೂ ಕಡೆಗೆ ಗಟ್ಟಿಯಾಗುತ್ತದೆ, ಹವಾಮಾನಕ್ಕೆ ಹಿಗ್ಗಿ ಕುಗ್ಗುವುದೂ ಕಮ್ಮಿ. ಇದಕ್ಕೆ ಸಿಎಲ್‌ಟಿ ಎಂಬ ಹೆಸರು. ಚಪ್ಪಡಿಗಳು ಕಾರ್ಖಾನೆಯಲ್ಲಿ ಅಳತೆಗೆ ಸರಿಯಾಗಿ ತಯಾರಾಗಿ ಬರುತ್ತವೆ, ಇಲ್ಲಿ ಸೆಂಟ್ರಿಂಗ್ ಇಲ್ಲ, ಕ್ಯೂರಿಂಗ್‌ಗೆ ವಾರಗಟ್ಟಲೆ ಕಾಯುವುದಿಲ್ಲ.

ಬೆಂಕಿ ಬಿದ್ದರೆ? ಎಲ್ಲರ ಮೊದಲ ಪ್ರಶ್ನೆ ಇದೇ, ನನ್ನದೂ ಇದೇ ಆಗಿತ್ತು. ಬೆಂಕಿಕಡ್ಡಿ ಗೀರಿದ ತಕ್ಷಣ ಉರಿಯುತ್ತದೆ, ಆದರೆ ಅದೇ ಕಡ್ಡಿಯಿಂದ ದಪ್ಪನೆಯ ಕೊರಡಿಗೆ ಬೆಂಕಿ ಹಚ್ಚಲು ನೋಡಿ. ಹೊತ್ತಿಕೊಳ್ಳುವುದೇ ಇಲ್ಲ. ದೊಡ್ಡ ಬೆಂಕಿಗೆ ಸಿಕ್ಕಿದರೂ ಕೊರಡಿನ ಹೊರಮೈ ಮೊದಲು ಇದ್ದಿಲಾಗುತ್ತದೆ. ಆ ಇದ್ದಿಲಿನ ಪದರ ಶಾಖವನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಬೆಂಕಿ ಒಳಗೆ ಸಾಗುವುದು ಆಮೆ ನಡಿಗೆಯಲ್ಲಿ, ನಿಮಿಷಕ್ಕೆ ಒಂದು ಮಿಲಿಮೀಟರೂ ಇಲ್ಲ. ಎಂಜಿನಿಯರುಗಳು ಇದನ್ನು ಮೊದಲೇ ಲೆಕ್ಕ ಹಾಕಿ, ಕಂಬವನ್ನು ಬೇಕಾದ್ದಕ್ಕಿಂತ ದಪ್ಪ ಮಾಡುತ್ತಾರೆ. ಹೊರಗಿನದ್ದು ಉರಿದುಹೋಗಲಿ ಅಂತಲೇ ಇಟ್ಟ ಮರ. ಒಳಗಿನ ತಿರುಳು ಅಷ್ಟು ಹೊತ್ತು ಭಾರ ಹೊತ್ತರೆ ಜನ ಹೊರಗೆ ಬರಬಹುದು.

ಇನ್ನು ಕಾರ್ಬನ್ ಲೆಕ್ಕ. ಮರ ಬೆಳೆಯುವಾಗ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿ, ಅದರೊಳಗಿನ ಕಾರ್ಬನ್ನನ್ನು ಮೈಯಲ್ಲೇ ಉಳಿಸಿಕೊಳ್ಳುತ್ತದೆ. ಒಣ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕಾರ್ಬನ್ನೇ. ತೊಲೆಯಾಗಿ ನಿಂತಿರುವಷ್ಟು ಕಾಲ ಅದು ಗಾಳಿಗೆ ಬಾರದೆ ಅಲ್ಲೇ ಬಂಧಿ. ಆದರೆ ಕಡಿದ ಜಾಗದಲ್ಲಿ ಮತ್ತೆ ಮರ ಬೆಳೆದರೆ ಮಾತ್ರ ಈ ಲೆಕ್ಕ ಸರಿ. ಕಟ್ಟಡವನ್ನು ಮೂವತ್ತೇ ವರ್ಷಕ್ಕೆ ಕೆಡವಿ ಮರವನ್ನು ಸುಟ್ಟರೆ ಅಷ್ಟೂ ವಾಪಸ್ ಗಾಳಿಗೆ. ಮರ ಅಂದ ಕೂಡಲೇ ಹಸಿರು ಅಂತ ಕುಣಿಯುವವರು ಇದನ್ನು ಯಾಕೋ ಹೇಳುವುದೇ ಇಲ್ಲ.

ಹಳೇ ಗೋಪುರದ ಮೈಮೇಲೇ ಹೊಸದು

ಡಿಸೆಂಬರಿನಲ್ಲಿ ಲಿಸ್ಬನ್ನಿನಲ್ಲಿ ನಡೆದ ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ವರ್ಷದ ಕಟ್ಟಡ ಅಂತ ಆಯ್ಕೆಯಾದದ್ದು ಸಿಡ್ನಿಯ ಕ್ವೇ ಕ್ವಾರ್ಟರ್ ಟವರ್. ವಿನ್ಯಾಸ ಡೆನ್ಮಾರ್ಕಿನ 3ಎಕ್ಸ್ಎನ್ ಸಂಸ್ಥೆಯದ್ದು. ನೋಡಲು ಹೊಚ್ಚ ಹೊಸದು. ಐದು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಸ್ವಲ್ಪ ತಿರುಗಿಸಿಟ್ಟ ಹಾಗಿದೆ, 206 ಮೀಟರ್ ಎತ್ತರ.

ಆದರೆ ಒಳಗಿನ ಅಸ್ಥಿಪಂಜರ 1976ರದ್ದು. ಆ ಜಾಗದಲ್ಲಿ ಹಳೆಯದೊಂದು ಆಫೀಸು ಗೋಪುರ ಇತ್ತು. ಅದರ ಹೊರಗಿನ ಗಾಜು, ಗೋಡೆ ಎಲ್ಲ ಕಳಚಿದರು. ಪಿಲ್ಲರ್, ಬೀಮ್, ಸ್ಲ್ಯಾಬುಗಳಲ್ಲಿ ನೂರಕ್ಕೆ 65 ಪಾಲು ಹಾಗೇ ಇಟ್ಟುಕೊಂಡರು. ಲಿಫ್ಟು, ಮೆಟ್ಟಿಲು ಇರುವ ನಡುಗೂಡಿನಲ್ಲಿ ನೂರಕ್ಕೆ 95 ಪಾಲು ಉಳಿಯಿತು. ಹಳೆಯದಕ್ಕೆ ಹೊಸ ಸ್ಲ್ಯಾಬುಗಳನ್ನು ಹೊಲಿದು ಜಾಗವನ್ನು ಎರಡು ಪಟ್ಟಿಗೂ ಹೆಚ್ಚು ಮಾಡಿಕೊಂಡರು.

ಹೇಳಿದಷ್ಟು ಸುಲಭವಲ್ಲ ಇದು. ಕಾಂಕ್ರೀಟು ಗಟ್ಟಿಯಾದ ಮೇಲೂ ವರ್ಷಗಟ್ಟಲೆ ಒಂಚೂರು ಒಂಚೂರೇ ಕುಗ್ಗುತ್ತಿರುತ್ತದೆ. 1976ರ ಕಾಂಕ್ರೀಟು ಕುಗ್ಗುವಷ್ಟು ಕುಗ್ಗಿ ಸುಮ್ಮನಾಗಿದೆ. ಪಕ್ಕಕ್ಕೆ ಜೋಡಿಸುವ ಹೊಸದು ಈಗಷ್ಟೇ ಕುಗ್ಗಲು ಶುರು ಮಾಡುತ್ತದೆ. ಒಗೆದು ಕುಗ್ಗಿದ ಹಳೇ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಿದರೆ ಮೊದಲ ಒಗೆತಕ್ಕೇ ಹೊಲಿಗೆ ಎಳೆದುಕೊಳ್ಳುತ್ತದಲ್ಲ, ಹಾಗೆ. ಇಲ್ಲಿ ಆ ಹೊಲಿಗೆ ನಲವತ್ತು ಮಹಡಿ ಉದ್ದ. ಹೊಸದು ಎಷ್ಟು ಕುಗ್ಗೀತು ಅಂತ ಮಹಡಿ ಮಹಡಿಗೂ ಮೊದಲೇ ಎಣಿಸಬೇಕು. ಕೆಡವಿ ಹೊಸದು ಕಟ್ಟುವುದೇ ಎಷ್ಟೋ ಸಲ ಸುಲಭ ಅನಿಸುವುದು ಇದಕ್ಕೇ. ಆದರೆ ಹಳೆಯದನ್ನು ಉಳಿಸಿದ್ದರಿಂದ ಮಿಕ್ಕಿದ್ದು ಸುಮಾರು 12,000 ಟನ್ ಕಾರ್ಬನ್. ಹಳೇ ಫೋನಿಗೆ ಹೊಸ ಸ್ಕ್ರೀನು ಹಾಕಿಸಿದ ಹಾಗೆ ಅನ್ನಿ.

ಬಿಚ್ಚಿ ಜೋಡಿಸುತ್ತೇವೆ ಅಂದಿದ್ದರು

2022ರ ಏಪ್ರಿಲ್ 12. ಟೋಕಿಯೊದ ಗಿಂಜಾ ಪ್ರದೇಶದಲ್ಲಿ ನಕಾಗಿನ್ ಕ್ಯಾಪ್ಸೂಲ್ ಟವರ್ ಕೆಡವಲು ಶುರು ಮಾಡಿದರು. ವಾಷಿಂಗ್ ಮೆಷಿನುಗಳನ್ನು ಅಡ್ಡಾದಿಡ್ಡಿ ಪೇರಿಸಿಟ್ಟ ಹಾಗೆ ಕಾಣುತ್ತಿತ್ತು ಅದು. 1972ರಲ್ಲಿ ವಾಸ್ತುಶಿಲ್ಪಿ ಕಿಶೊ ಕುರೊಕಾವಾ ಕಟ್ಟಿದ್ದು. 140 ಪೆಟ್ಟಿಗೆಗಳು, ಪ್ರತಿಯೊಂದೂ ಒಬ್ಬರ ಮನೆ. ಸುಮಾರು ಎರಡೂವರೆ ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ. ಒಳಗೆ ಗೋಡೆಗೆ ಸೇರಿದ ಹಾಸಿಗೆ, ಮಡಿಸುವ ಮೇಜು, ಟೇಪ್ ರೆಕಾರ್ಡರು, ವಿಮಾನದಲ್ಲಿರುವಂಥ ಪುಟಾಣಿ ಬಚ್ಚಲು, ಒಂದು ದೊಡ್ಡ ದುಂಡು ಕಿಟಕಿ. ಅಡುಗೆಮನೆ ಇಲ್ಲ.

ಆ ಕಾಲದ ಜಪಾನಿನಲ್ಲಿ ಮೆಟಬಾಲಿಸಂ ಎಂಬ ಚಳವಳಿ ಇತ್ತು. ದೇಹದಲ್ಲಿ ಹಳೇ ಜೀವಕೋಶ ಉದುರಿ ಹೊಸದು ಬರುವ ಹಾಗೆ ಕಟ್ಟಡವೂ ತನ್ನ ಭಾಗಗಳನ್ನು ಬದಲಾಯಿಸಿಕೊಳ್ಳುತ್ತಾ ಬದುಕಬೇಕು ಅನ್ನುವುದು ಅವರ ಆಲೋಚನೆ. ಆದ್ದರಿಂದ ಪ್ರತಿ ಪೆಟ್ಟಿಗೆಯನ್ನೂ ನಡುವಿನ ಗೋಪುರಕ್ಕೆ ನಾಲ್ಕೇ ನಾಲ್ಕು ಬೋಲ್ಟುಗಳಿಂದ ಬಿಗಿದಿದ್ದರು. 25 ವರ್ಷಕ್ಕೊಮ್ಮೆ ಬೋಲ್ಟು ಬಿಚ್ಚಿ, ಹಳೇ ಪೆಟ್ಟಿಗೆ ಇಳಿಸಿ, ಹೊಸದು ಏರಿಸುವುದು. ಎಷ್ಟು ಚೆಂದದ ಲೆಕ್ಕ ಅಲ್ವಾ?

ಐವತ್ತು ವರ್ಷದಲ್ಲಿ ಒಂದೇ ಒಂದು ಪೆಟ್ಟಿಗೆಯೂ ಬದಲಾಗಲಿಲ್ಲ. ಒತ್ತೊತ್ತಾಗಿ ಪೇರಿಸಿದ್ದರಿಂದ ಕೆಳಗಿನದ್ದನ್ನು ತೆಗೆಯಲು ಮೇಲಿನವನ್ನೂ ತೆಗೆಯಬೇಕು. ಅದಕ್ಕೆ ದುಡ್ಡು ಬೇಕು, ಅಷ್ಟೂ ಮಾಲೀಕರು ಒಪ್ಪಬೇಕು. ಒಳಗೆ ಆರೋಗ್ಯಕ್ಕೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಬೇರೆ ಇತ್ತು. ಪೈಪು ಕೊಳೆಯಿತು, ನೀರು ಸೋರಿತು. ಕೊನೆಗೆ ಮಾಲೀಕರು ಮಾರಲು ಒಪ್ಪಿದರು. ಇಪ್ಪತ್ಮೂರು ಪೆಟ್ಟಿಗೆಗಳನ್ನು ಮಾತ್ರ ಜೋಪಾನವಾಗಿ ಇಳಿಸಿ ದುರಸ್ತಿ ಮಾಡಿದರು. ಅವುಗಳಲ್ಲಿ ಒಂದು ಈಗ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಸಂಗ್ರಹಾಲಯದ ಪಾಲು. ಬೋಲ್ಟು ಬಿಚ್ಚಿದ್ದು ಅಂತೂ ಕೆಡವುವಾಗ.

ಅದೇ ವರ್ಷದ ಕೊನೆಗೆ ಕತಾರ್ ವಿಶ್ವಕಪ್. ಅಲ್ಲಿ ಸ್ಟೇಡಿಯಂ 974 ಅಂತ ಒಂದಿತ್ತು, ಬಣ್ಣ ಬಣ್ಣದ ಹಡಗಿನ ಕಂಟೈನರುಗಳದ್ದು. ಸರಿಯಾಗಿ 974 ಕಂಟೈನರು, ಆ ದೇಶದ ಫೋನ್ ಕೋಡ್ ಕೂಡ 974. ಕಬ್ಬಿಣದ ಚೌಕಟ್ಟಿಗೆ ಕಂಟೈನರುಗಳನ್ನು ಸಿಕ್ಕಿಸಿದ್ದರು, ಅವುಗಳ ಒಳಗೆ ಶೌಚಾಲಯ, ಅಂಗಡಿ ಮುಂತಾದವು. 40,000ಕ್ಕೂ ಹೆಚ್ಚು ಜನ ಕೂರುವ ಜಾಗ, ಏಳು ಪಂದ್ಯಗಳು. ಟೂರ್ನಿ ಮುಗಿದ ಮೇಲೆ ಪೂರ್ತಿ ಬಿಚ್ಚಿ ಬೇಕಾದ ಕಡೆಗೆ ಸಾಗಿಸಬಹುದು ಅಂತ ದೊಡ್ಡದಾಗಿ ಹೇಳಿದ್ದರು.

ಹೀಗೆ ಬಿಚ್ಚುವಂತೆ ಕಟ್ಟಲು ಮಾಮೂಲಿಗಿಂತ ಜಾಸ್ತಿ ಕಬ್ಬಿಣ ಬೇಕಾಗಬಹುದು. ಹಾಗಾಗಿ ಒಂದೇ ಸಲ ಬಳಸಿದರೆ ನಷ್ಟ, ಬೇರೆ ಬೇರೆ ಕಡೆ ಮತ್ತೆ ಮತ್ತೆ ಬಳಸಿದರೆ ಲಾಭ. ಎರಡು ವರ್ಷ ಕಳೆದು 2024ರ ಡಿಸೆಂಬರಿನಲ್ಲೂ ಅದೇ ಜಾಗದಲ್ಲಿ, ಅದೇ ಸ್ಟೇಡಿಯಮ್ಮಿನಲ್ಲಿ ಪಂದ್ಯ ನಡೆಯುತ್ತಿತ್ತು. ಬಳಕೆಯಲ್ಲಿದೆ ಅನ್ನುವುದು ಒಳ್ಳೆಯದೇ. ಆದರೆ ಬಿಚ್ಚುವ ಸೌಲಭ್ಯ ಇರುವುದು ಬೇರೆ, ಬಿಚ್ಚುವುದು ಬೇರೆ.

ಪೆನ್ಸಿಲ್, ಉಂಗುರ, ಗೆರೆ

ಎತ್ತರ, ಅಬ್ಬರದ ಕಟ್ಟಡಗಳೂ ಆ ವರ್ಷ ಕಮ್ಮಿ ಇರಲಿಲ್ಲ. ಬೇಗ ಬೇಗ ನೋಡಿಬಿಡೋಣ.

ನ್ಯೂಯಾರ್ಕಿನ 111 ವೆಸ್ಟ್ 57ನೇ ಬೀದಿಯ ಗೋಪುರ ಜಗತ್ತಿನ ಅತಿ ತೆಳ್ಳನೆಯ ಗಗನಚುಂಬಿ. ಎತ್ತರ 435 ಮೀಟರ್, ಅಗಲ ಅದರ 24ರಲ್ಲಿ ಒಂದು ಪಾಲು. ಹೆಚ್ಚುಕಡಿಮೆ ನಿಲ್ಲಿಸಿಟ್ಟ ಪೆನ್ಸಿಲ್. ಗಾಳಿಗೆ ಇದು ಬೀಳುವುದಿಲ್ಲ, ಆದರೆ ತೂಗುತ್ತದೆ, ಮೇಲಿದ್ದವರಿಗೆ ಹೊಟ್ಟೆ ತೊಳಸುತ್ತದೆ. ಅದಕ್ಕೆ ತುದಿಯಲ್ಲಿ 800 ಟನ್ನಿನ ಒಂದು ಭಾರ ಇಟ್ಟಿದ್ದಾರೆ. ಗೋಪುರ ಈ ಕಡೆ ವಾಲಿದಾಗ ಭಾರ ಹಿಂದೆ ಉಳಿದು ಆ ಕಡೆ ಎಳೆಯುತ್ತದೆ. ಜೀಕುತ್ತಿರುವ ಉಯ್ಯಾಲೆಯನ್ನು ಎದುರು ದಿಕ್ಕಿಗೆ ತಳ್ಳಿದರೆ ನಿಧಾನವಾಗುತ್ತದಲ್ಲ, ಅಷ್ಟೇ. ಇಷ್ಟೆಲ್ಲ ಮಾಡಿ ಅಲ್ಲಿರುವುದು ಸುಮಾರು 60 ಮನೆ.

ದುಬೈಯ ಮ್ಯೂಸಿಯಂ ಆಫ್ ದಿ ಫ್ಯೂಚರ್ ತೆರೆದದ್ದು 22-2-2022ರಂದು, ಬೇಕೆಂದೇ. 77 ಮೀಟರಿನ ದೊಡ್ಡ ಉಂಗುರ, ನಡುವೆ ಖಾಲಿ. ಹೊರಮೈ ಮೇಲೆ ಕೊರೆದ ಅರಬ್ಬಿ ಅಕ್ಷರಗಳೇ ಕಿಟಕಿಗಳು. ಒಳಗೆ ಕಂಬಗಳಿಲ್ಲ, ಹೊರಚಿಪ್ಪಿನಲ್ಲಿರುವ ಓರೆ ಉಕ್ಕಿನ ಬಲೆಯೇ ಭಾರ ಹೊರುತ್ತದೆ.

ಇನ್ನು ಸೌದಿ ಅರೇಬಿಯಾದ 'ದಿ ಲೈನ್'. 2022ರ ಜುಲೈನಲ್ಲಿ ಇದರ ವಿನ್ಯಾಸ ಹೊರಬಿಟ್ಟಾಗ ಅರ್ಧ ಜಗತ್ತು ಬಾಯಿ ಬಿಟ್ಟುಕೊಂಡು ನೋಡಿತು. 170 ಕಿಲೋಮೀಟರ್ ಉದ್ದ, 500 ಮೀಟರ್ ಎತ್ತರ, 200 ಮೀಟರ್ ಅಗಲದ ಕನ್ನಡಿ ಗೋಡೆಗಳ ನಡುವೆ 90 ಲಕ್ಷ ಜನ. ಈ ತುದಿಯಿಂದ ಆ ತುದಿಗೆ 20 ನಿಮಿಷ. ಕಾಗದ ಪೆನ್ನು ತಗೊಂಡು ಕೂರಿ. 20 ನಿಮಿಷಕ್ಕೆ 170 ಕಿಲೋಮೀಟರ್ ಅಂದರೆ ಗಂಟೆಗೆ 510, ಅದೂ ಎಲ್ಲೂ ನಿಲ್ಲದೆ. ಇನ್ನೊಂದು ಲೆಕ್ಕ. ಆ ಗೆರೆಯ ಒಟ್ಟು ನೆಲ 34 ಚದರ ಕಿಲೋಮೀಟರ್. ಅಷ್ಟೇ ನೆಲವನ್ನು ದುಂಡಗೆ ಮಾಡಿದರೆ ಈ ಅಂಚಿನಿಂದ ಆ ಅಂಚಿಗೆ ಏಳು ಕಿಲೋಮೀಟರೂ ಆಗುವುದಿಲ್ಲ, ಸೈಕಲ್ಲಿನಲ್ಲಿ ಹೋಗಿಬರಬಹುದು. ಊರುಗಳು ಸಾವಿರಾರು ವರ್ಷಗಳಿಂದ ಸುತ್ತಲೂ ಹರಡಿ ಬೆಳೆದದ್ದು ಸುಮ್ನೆ ಅಲ್ಲ. ಆ ವರ್ಷ ಅಗೆತವೂ ನಡೆಯುತ್ತಿತ್ತು. 2024ರ ಹೊತ್ತಿಗೆ, 2030ರ ಒಳಗೆ ಮುಗಿಯುವುದು ಎರಡೂವರೆ ಕಿಲೋಮೀಟರಿನಷ್ಟೇ ಅನ್ನುವ ವರದಿಗಳು ಬಂದವು.

ಇನ್ನು ಎಣಿಸಲೇಬೇಕು

ಇವೆಲ್ಲದರ ನಡುವೆ ಯಾರೂ ಜಾಸ್ತಿ ಮಾತಾಡದ ಒಂದು ಬದಲಾವಣೆ 2022ರ ಜನವರಿ 1ರಂದೇ ಆಗಿತ್ತು. ಫ್ರಾನ್ಸಿನಲ್ಲಿ ಆರ್‌ಇ2020 ಎಂಬ ನಿಯಮ ಹೊಸ ಮನೆಗಳಿಗೆ ಜಾರಿಗೆ ಬಂತು. ಅದುವರೆಗೆ ಕೇಳುತ್ತಿದ್ದದ್ದು ನಿಮ್ಮ ಕಟ್ಟಡ ಎಷ್ಟು ಕರೆಂಟು, ಎಷ್ಟು ಗ್ಯಾಸು ಬಳಸುತ್ತದೆ ಅಂತ, ಅಂದರೆ ರೀಚಾರ್ಜಿನ ಲೆಕ್ಕ. ಈಗ ಫೋನಿನ ಬೆಲೆಯನ್ನೂ ಹೇಳಬೇಕು. ಯಾವ ಸಾಮಾನು, ಎಷ್ಟು ಟನ್, ಕಟ್ಟುವಾಗಿನಿಂದ ಕೆಡವುವವರೆಗೆ 50 ವರ್ಷದಲ್ಲಿ ಒಟ್ಟು ಎಷ್ಟು ಕಾರ್ಬನ್. ಮಿತಿ ಮೀರಿದರೆ ಕಟ್ಟುವಂತಿಲ್ಲ. ಡೆನ್ಮಾರ್ಕ್ ಮರುವರ್ಷ ಜನವರಿಯಿಂದ 1,000 ಚದರ ಮೀಟರಿಗಿಂತ ದೊಡ್ಡ ಹೊಸ ಕಟ್ಟಡಗಳಿಗೆ ಇಂಥದ್ದೇ ಮಿತಿ ತಂದಿತು. ಆಗಿನ ಮಿತಿ ಪ್ರತಿ ಚದರ ಮೀಟರಿಗೆ ವರ್ಷಕ್ಕೆ 12 ಕಿಲೋ ಆಗಿತ್ತು. ಮರ, ಮಣ್ಣು, ಹಳೇ ಕಂಬಗಳಿಗೆ ಇದ್ದಕ್ಕಿದ್ದಂತೆ ಬೆಲೆ ಬಂದಿರುವುದರ ಹಿಂದೆ ಇಂಥ ನಿಯಮಗಳೂ ಇವೆ, ಬರೀ ಪರಿಸರದ ಮೇಲಿನ ಪ್ರೀತಿಯಲ್ಲ.

ಸಿಮೆಂಟ್ ಕಾರ್ಖಾನೆಯಲ್ಲಿ ಇದ್ದವರು

ಆ ವರ್ಷದ ಮೊದಲ ದೊಡ್ಡ ಸುದ್ದಿ ಒಂದು ಸಾವು. ಜನವರಿ 14ರಂದು ಸ್ಪೇನಿನ ವಾಸ್ತುಶಿಲ್ಪಿ ರಿಕಾರ್ಡೊ ಬೊಫಿಲ್ ತೀರಿಕೊಂಡರು. ಅವರು ದೊಡ್ಡ ದೊಡ್ಡ ವಸತಿ ಸಮುಚ್ಚಯಗಳನ್ನು ಕಟ್ಟಿದವರು. ಆದರೆ ತಾವು ಇದ್ದದ್ದು ಬಾರ್ಸಿಲೋನಾ ಹತ್ತಿರದ ಒಂದು ಹಳೇ ಸಿಮೆಂಟ್ ಕಾರ್ಖಾನೆಯಲ್ಲಿ.

1973ರಲ್ಲಿ ಅದನ್ನು ಕೊಂಡಾಗ ಅಲ್ಲಿ ಸಿಮೆಂಟು ತುಂಬಿಡುವ ಸುಮಾರು ಮೂವತ್ತು ಸೈಲೋಗಳು, ನೆಲದಡಿ ಸುರಂಗಗಳು, ಎಲ್ಲಿಗೂ ಹೋಗದ ಮೆಟ್ಟಿಲುಗಳು ಇದ್ದವು. ಪೂರ್ತಿ ನೆಲಸಮ ಮಾಡಿ ಹೊಸದಾಗಿ ಶುರು ಮಾಡಬಹುದಿತ್ತು. ಅವರು ಒಂದಷ್ಟು ಭಾಗವನ್ನು ಸಿಡಿಮದ್ದಿಟ್ಟು ಕೆಡವಿಸಿ, ಒಂದು ಹಂತಕ್ಕೆ ಬಂದಾಗ ನಿಲ್ಲಿಸಿದರು. ಉಳಿದ ಸೈಲೋಗಳಿಗೆ ಕಿಟಕಿ ಕೊರೆದು ಆಫೀಸು ಮಾಡಿಕೊಂಡರು. ಯಂತ್ರಗಳಿದ್ದ ಎತ್ತರದ ಹಜಾರದಲ್ಲಿ ಸಭೆ, ಸಂಗೀತ. ಗೋಡೆಯ ಬುಡದಲ್ಲಿ ಬಳ್ಳಿ ನೆಟ್ಟರು, ಮಾಳಿಗೆಯ ಮೇಲೆ ಮಣ್ಣು ಹಾಕಿ ಗಿಡ ಬೆಳೆಸಿದರು. ಈಗ ದೂರದಿಂದ ಫೋಟೋ ತೆಗೆದರೆ ಸೈಲೋಗಳ ಅರ್ಧ ಮೈ ಎಲೆಯೊಳಗೆ ಮುಚ್ಚಿಹೋಗಿರುತ್ತದೆ. ಅವರ ಆಫೀಸಿನವರು ಇವತ್ತಿಗೂ ಅಲ್ಲೇ ಕೂತು ನಕ್ಷೆ ಬರೆಯುತ್ತಾರೆ.